ಆರ್ಗನ್ ಸದ್ದಿಗೆ ಎದ್ದವನು

ಆ ಬಾಗಿಲಿನ ಕೆಳಗೆ ಬಡಿದ ತಗಡಿನ ಅಂಚು ಮಡಿಸಿದವನಿಗೆ ಕೆಲಸವೇ ಗೊತ್ತಿಲ್ಲ, ಮೂಲೆಯಲ್ಲಿ ಬಾಯಿ ಬಿಟ್ಟುಕೊಂಡಿದೆ, ಯಾವ ನರ್ಸಿನ ಕಾಲಿಗಾದರೂ ತಾಗಿ ರಕ್ತ ಬಂದಮೇಲೆ ಇವರಿಗೆ ಬುದ್ಧಿ ಬರುತ್ತದೆ, ತನ್ನ ಕೈಗೊಂದು ಸುತ್ತಿಗೆ ಕೊಟ್ಟಿದ್ದರೆ ಎರಡೇ ಏಟಿಗೆ ಕೂರಿಸಿಬಿಡುತ್ತಿದ್ದ, ಆದರೆ ಆಸ್ಪತ್ರೆಯ ಈ ಬೆಂಚಿನ ಮೇಲೆ ಅವನನ್ನು ಕೂರಿಸಿರುವುದು ತಗಡು ಬಡಿಯಲಿಕ್ಕಲ್ಲ, ಎದೆಯಲ್ಲಿ ಪ್ರೀತಿ ಇದೆಯೋ ಇಲ್ಲವೋ ನೋಡಲಿಕ್ಕೆ. ಬಾಗಿಲಿನಾಚೆ ಕಮಿಟಿ ಕೂತಿದೆ, ಮೂರು ಜನ, ಕರೆದು ಕೇಳುತ್ತಾರಂತೆ, ರಕ್ತಸಂಬಂಧ ಇಲ್ಲದವನಿಗೆ ಕಿಡ್ನಿ ಯಾಕೆ ಕೊಡುತ್ತಿದ್ದೀಯ, ಯಾರಾದರೂ ಆಸೆ ತೋರಿಸಿದರಾ, ಹೆದರಿಸಿದರಾ, ಅಥವಾ ಪ್ರೀತಿಯಿಂದಲೇ ಕೊಡುತ್ತಿದ್ದೀಯಾ — ಆ ಶಬ್ದ ಫಾರ್ಮಿನಲ್ಲೇ ಅಚ್ಚಾಗಿದೆ, ಡಾಕ್ಟರು ಬೆರಳಿಟ್ಟು ತೋರಿಸಿದರು, ಪ್ರೀತಿ, ಅದರ ಪಕ್ಕ ಒಂದು ಸಣ್ಣ ಚೌಕ, ಗುರುತು ಹಾಕಬೇಕು. ಐವತ್ತೆರಡು ವರ್ಷದಲ್ಲಿ ಆ ಮಾತನ್ನು ಅವನು ಯಾರಿಗೂ ಹೇಳಿದವನಲ್ಲ, ಹೆಂಡತಿಗೇ ಹೇಳಿಲ್ಲ, ಅವಳೂ ಕೇಳಿಲ್ಲ, ಈಗ ಮೇಸ್ತ್ರಿಯ ಹೆಸರಲ್ಲಿ ಹೇಳಬೇಕು, ಆ ಮೇಸ್ತ್ರಿಯ ಹೆಸರಲ್ಲಿ! ಹಾಳಾದವನು ಇದೇ ಬೆಂಚಿನ ಆ ತುದಿಯಲ್ಲಿದ್ದಾನೆ, ನಡುವೆ ಮೂವರು ಕೂರುವಷ್ಟು ಜಾಗ, ಮುಖ ಹಳೇ ತಗಡಿನ ಡ್ರಮ್ಮಿನ ಬಣ್ಣಕ್ಕೆ ತಿರುಗಿದೆ, ಕಾಲು ಊದಿ ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿದ್ದಾನೆ, ಡ್ರಮ್ಮಿನ ಕಾರ್ಖಾನೆಯಲ್ಲಿ ಇದೇ ಮನುಷ್ಯ ಕೂಗಿದರೆ ಮೂವತ್ತು ಸುತ್ತಿಗೆ ಒಟ್ಟಿಗೆ ನಿಲ್ಲುತ್ತಿದ್ದವು, ಏಯ್ ಸುತ್ತಿಗೆ, ಇತ್ಲಾಗೆ ಬಾರೋ, ಅವನಿಗೆ ಆ ಅಡ್ಡಹೆಸರಿಟ್ಟವನೂ ಇವನೇ, ಕೈಯಲ್ಲೂ ಸುತ್ತಿಗೆ, ಬಾಯಲ್ಲೂ ಸುತ್ತಿಗೆ ಅಂತ, ಎಲ್ಲರೂ ನಕ್ಕರು, ತಮ್ಮನೂ ನಕ್ಕ, ಪಕ್ಕದ ಮಣೆಯಲ್ಲಿ ರಿವಿಟ್ ಹೊಡೆಯುತ್ತಿದ್ದ ತಮ್ಮ, ನಗುವಾಗ ಮೈಯೆಲ್ಲ ಕುಣಿಸಿ ನಗುತ್ತಿದ್ದ ತಮ್ಮ, ಅದಾದ ಮೂರನೇ ವರ್ಷಕ್ಕೆ ಉಗ್ರಾಣದ ತಾಮ್ರದ ಹಾಳೆ ಕಾಣೆಯಾಯಿತು, ಮೇಸ್ತ್ರಿ ಎಲ್ಲರ ಎದುರು ಕೈತೋರಿಸಿ ಹೇಳಿದ, ಇವನೇ ತೆಗೆದಿದ್ದು, ನಾನು ನೋಡಿದೀನಿ, ಅಷ್ಟೇ, ಸಂಜೆಗೆ ತಮ್ಮನ ಕೆಲಸ ಹೋಯಿತು, ತಿಂಗಳಿಗೆ ತಮ್ಮನೇ ಹೋದ, ಎಲ್ಲೋ ಬಾಡಿಗೆ ಕೋಣೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತನಂತೆ, ಸುದ್ದಿ ಬರುವಷ್ಟರಲ್ಲಿ ಮಣ್ಣೂ ಮಾಡಿಯಾಗಿತ್ತು. ಹನ್ನೆರಡು ವರ್ಷ. ಹನ್ನೆರಡು ವರ್ಷ ಒಂದೇ ಚರ್ಚಿನಲ್ಲಿ ಮೇಸ್ತ್ರಿ ಬಲಗಡೆ, ಅವನು ಎಡಗಡೆ, ಪ್ರಭುಭೋಜನದ ಒಂದೇ ರೊಟ್ಟಿಯಿಂದ ಮುರಿದ ತುಂಡು ಇಬ್ಬರ ಬಾಯಿಗೂ ಬೀಳುತ್ತಿತ್ತು, ಸಮಾಧಾನವಿರಲಿ ಎಂದು ಒಬ್ಬರಿಗೊಬ್ಬರು ಕೈಕುಲುಕುವ ಹೊತ್ತಿಗೆ ಸರಿಯಾಗಿ ಅವನಿಗೆ ಶೂ ಲೇಸು ಬಿಚ್ಚುತ್ತಿತ್ತು.

ಎಲ್ಲಾ ಆ ಟೀಚರಮ್ಮನ ಅಂಗೈಯಿಂದ ಆಗಿದ್ದು, ಅಯ್ಯೋ, ಅವಳನ್ನು ಬೈದು ಏನು ಬಂತು, ಪಾಪದ ಹೆಂಗಸು, ಆರ್ಗನ್ ನುಡಿಸುವುದಕ್ಕೆ ಅವಳನ್ನು ಬಿಟ್ಟರೆ ಯಾರಿದ್ದಾರೆ. ಚರ್ಚಿನಲ್ಲಿ ಒಂದು ಅಭ್ಯಾಸ, ಪಾದ್ರಿಗಳ ಪ್ರಸಂಗ ಮುಗಿದು ಆರ್ಗನ್ನಿನ ಒಂದು ಸ್ವರ ಬಿತ್ತೆಂದರೆ ಸಭೆ ಎದ್ದು ನಿಲ್ಲಬೇಕು, ಕೊನೇ ಹಾಡು, ಆಶೀರ್ವಾದ, ಮನೆ. ಸುತ್ತಿಗೆ ಸದ್ದು ಅವನ ಬಲಗಿವಿಯನ್ನು ಪೂರ್ತಿ ತಿಂದು ಎಡದ್ದನ್ನು ಅರ್ಧ ಬಿಟ್ಟಿದೆ, ಪಾದ್ರಿಗಳ ಮಾತು ಅವನಿಗೆ ಗೋಡೆಯಾಚೆಯ ಜಗಳದ ಹಾಗೆ ಕೇಳುತ್ತದೆ, ಆದರೆ ಆರ್ಗನ್ ಕೇಳುವುದು ಕಿವಿಗಲ್ಲ, ಮರದ ನೆಲದಿಂದ ಅಂಗಾಲಿಗೆ ಏರುತ್ತದೆ, ಮೊಣಕಾಲು ತಾನೇ ಎದ್ದುಬಿಡುತ್ತದೆ. ಆ ದಿನ ಪಾದ್ರಿಗಳು ಏನು ಹೇಳುತ್ತಿದ್ದರೋ ದೇವರೇ ಬಲ್ಲ, ಅವನು ಮುಂದಿನ ಬೆಂಚಿನಲ್ಲಿ ಕೂತು ಸೋಮವಾರದ ಡ್ರಮ್ಮಿನ ತಳಕ್ಕೆ ಎಷ್ಟು ರಿವಿಟ್ ಬೇಕೆಂದು ಲೆಕ್ಕ ಹಾಕುತ್ತಿದ್ದ, ಪಾದ್ರಿಗಳು ಹೇಳಿದ್ದು ಇಷ್ಟು ಎಂದು ಆಮೇಲೆ ಗೊತ್ತಾಯಿತು, ನಮ್ಮ ಸಹೋದರ ಮೇಸ್ತ್ರಿಯ ಎರಡೂ ಕಿಡ್ನಿ ಹೋಗಿವೆ, ಮನೆಯವರದ್ದು ಯಾರದ್ದೂ ಹೊಂದುವುದಿಲ್ಲ, ಕ್ರಿಸ್ತನ ಶಿಷ್ಯರು ಅಂತ ಹೇಳ್ಕೋತೀವಲ್ಲ, ಅವನಿಗೋಸ್ಕರ ನನ್ನದನ್ನ ಕೊಡ್ತೀನಿ ಅನ್ನೋರು ನಮ್ಮಲ್ಲಿ ಒಬ್ಬರಾದರೂ ಇದ್ದರೆ ಎದ್ದು ನಿಲ್ಲಿ. ಯಾರೂ ಏಳಲಿಲ್ಲವಂತೆ. ಆಗ ಟೀಚರಮ್ಮ ಪುಟ ತಿರುವಲು ಹೋಗಿ ಅಂಗೈ ಜಾರಿ ಆರ್ಗನ್ನಿನ ಕೀಗಳ ಮೇಲೆ ಬಿತ್ತು, ನೆಲ ಗುಂಯ್ ಎಂದಿತು, ಅವನು ಎದ್ದ. ಎದ್ದವನು ಹಾಡಿನ ಪುಸ್ತಕ ಬೇರೆ ತೆಗೆದ, ಹಲಗೆಯ ಮೇಲಿನ ನಂಬರು ನೋಡಿ ಪುಟ ಹುಡುಕಿದ, ಬಾಯೂ ತೆರೆದ. ಹಾಡು ಬರಲಿಲ್ಲ. ಹಿಂದೆ ಯಾರೋ ಬಿಕ್ಕಿದಂತೆ ಆಯಿತು, ಪಾದ್ರಿಗಳು ಮೆಟ್ಟಿಲಿಳಿದು ಬಂದು ತಬ್ಬಿಕೊಂಡರು, ತಿರುಗಿ ನೋಡುತ್ತಾನೆ, ಇಡೀ ಸಭೆ ಕೂತಿದೆ! ಆಗಲೇ ಹೇಳಬೇಕಿತ್ತು, ಸ್ವಾಮಿ, ನಾನು ಹಾಡಿಗೆ ಎದ್ದೆ, ಮುಗಿಯುತ್ತಿತ್ತು, ಎರಡು ದಿನ ನಗುತ್ತಿದ್ದರು. ಮೇಸ್ತ್ರಿಯ ಹೆಂಡತಿ ಬಂದು ಅವನ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡಳು, ಆ ಹಣೆ ಜ್ವರ ಬಂದ ಹಾಗೆ ಸುಡುತ್ತಿತ್ತು, ಅದಕ್ಕೇ ಹೇಳಲಿಲ್ಲ — ಸುಳ್ಳು, ಅದೊಂದೇ ಅಲ್ಲ, ಹೇಳು, ಇಲ್ಲಾದರೂ ನಿಜ ಹೇಳು, ಚೆನ್ನಾಗಿತ್ತು, ಹೌದು, ತಬ್ಬಿಸಿಕೊಳ್ಳುವುದು ಚೆನ್ನಾಗಿತ್ತು, ಮುಂಗೋಪಿ, ಬಾಯಿ ಹರುಕ ಎಂದು ದೂರ ಇಟ್ಟಿದ್ದವರೆಲ್ಲ ಸಾಲುಗಟ್ಟಿ ಕೈಕೊಟ್ಟರು, ನೋಡಿ ಹಗೆಯವನಿಗೇ ಕೊಡ್ತಿದ್ದಾನೆ, ಇದಪ್ಪಾ ಪ್ರೀತಿ ಅಂದ್ರೆ, ಮರುವಾರ ಅವನ ಕೈಯಲ್ಲಿ ಬೈಬಲಿನ ಪಾಠ ಓದಿಸಿದರು, ಕನ್ನಡಕ ಸರಿಮಾಡಿಕೊಂಡು ಓದಿದ, ಕಳ್ಳ.

ಮನೆಯಲ್ಲಿ ಮಾತ್ರ ಆ ಆಟ ನಡೆಯಲಿಲ್ಲ, ಏನ್ರೀ ತಲೆಗಿಲೆ ಕೆಟ್ಟಿದೆಯಾ ನಿಮಗೆ, ಸಾರಿಗೆ ಉಪ್ಪು ಕಮ್ಮಿಯಾದರೆ ತಟ್ಟೆ ಎಸೆಯೋ ಮನುಷ್ಯ, ಕಿಡ್ನಿ ಕೊಡ್ತಾರಂತೆ ಕಿಡ್ನಿ, ಅದೂ ಯಾರಿಗೆ, ಮೈದುನನ್ನ ತಿಂದವನಿಗೆ, ಹೆಂಡತಿ ಕೂಗಾಡಿದಳು, ನಿಜ ಹೇಳಿಬಿಡೋಣ ಎಂದು ಬಾಯಿ ತೆಗೆದ, ಅವಳು ಕಣ್ಣೊರೆಸಿಕೊಂಡು ಅಂದಳು, ಇಷ್ಟು ದೊಡ್ಡ ಮನಸ್ಸು ನಿಮಗಿದೆ ಅಂತ ಇಪ್ಪತ್ತಾರು ವರ್ಷದಲ್ಲಿ ನನಗೆ ಗೊತ್ತೇ ಆಗಲಿಲ್ವಲ್ರೀ. ಬಾಯಿ ಮುಚ್ಚಿತು. ಆಮೇಲೆ ರಕ್ತ ತೆಗೆದರು, ಮೂತ್ರ ತೆಗೆದರು, ಫೋಟೋ ತೆಗೆದರು, ಹೊಂದುವುದಿಲ್ಲ ಅಂತಲೇ ಬರುತ್ತದೆ ಬಿಡು ಎಂದು ಧೈರ್ಯವಾಗಿದ್ದ, ಒಂದೇ ತಾಯಿ ಮಕ್ಕಳಿಗೆ ಹೊಂದಿದ ಹಾಗೆ ಹೊಂದಿದೆ ಎಂದರು ಡಾಕ್ಟರು, ನಗುತ್ತಾ, ಆಮೇಲೆ ನಗು ನಿಲ್ಲಿಸಿ ಬಾಗಿಲು ಮುಚ್ಚಿ, ನೋಡಿ, ಇದನ್ನ ಎಲ್ಲರಿಗೂ ಹೇಳ್ತೀನಿ, ಬೇಡ ಅನ್ನಿಸಿದರೆ ನನ್ನೊಬ್ಬಳಿಗೆ ಹೇಳಿ, ನಿಮ್ಮದು ಆಗಲ್ಲ ಅಂತಷ್ಟೇ ಅವರಿಗೆ ಹೇಳ್ತೀನಿ, ಕಾರಣ ಹೊರಗೆ ಬರಲ್ಲ. ತಪ್ಪಿಸಿಕೊಳ್ಳಲು ಎಂಥಾ ಬಾಗಿಲು! ಮೂರು ತಿಂಗಳಿಂದ ಆ ಬಾಗಿಲು ತೆರೆದೇ ಇದೆ, ಒಂದು ಫೋನ್ ಸಾಕು, ಮರ್ಯಾದೆಯೂ ಉಳಿಯುತ್ತದೆ, ಕಿಡ್ನಿಯೂ ಉಳಿಯುತ್ತದೆ, ಮೇಸ್ತ್ರಿ ಸಾಯುತ್ತಾನೆ. ಯಾಕೆ ಮಾಡಲಿಲ್ಲ? ದೇವರಿಗೆ ಹೆದರಿ ಅಲ್ಲ, ದೊಡ್ಡ ಮಾತಾಡಬೇಡ, ಕೈಗೆ ರಕ್ತ ಅಂಟದ ಹಾಗೆ ಆಗಲಿ ಎಂದು ಕಾದೆ, ಅವನಾಗಿಯೇ ಹೋಗಿಬಿಡಲಿ ಎಂದು, ಫೋನು ಬಡಿದಾಗಲೆಲ್ಲ ಎದ್ದು ಓಡುತ್ತಿದ್ದ, ಈಗ ಬಂತು, ಈಗ ಬಂತು ಸುದ್ದಿ, ಮಂಡಿಯೂರಿ ಅವನ ಆರೋಗ್ಯಕ್ಕೆ ಪ್ರಾರ್ಥಿಸುತ್ತಿದ್ದ, ಸಭೆಯ ಮುಂದೆ, ಗಟ್ಟಿಯಾಗಿ, ಒಳಗೆ ಇನ್ನೊಂದು ಪ್ರಾರ್ಥನೆ ನಡೆಯುತ್ತಿತ್ತು, ಕರೆದುಕೋ, ಬೇಗ ಕರೆದುಕೋ, ನನ್ನನ್ನು ಬಿಡಿಸು, ಎರಡೂ ಆಮೆನ್ ಒಂದೇ ಬಾಯಿಂದ. ಸ್ವಾಮೀ, ನಿನ್ನ ಹಿಂದೆ ಬರುವುದಕ್ಕೆ ಒಳ್ಳೆಯವರು ಇಲ್ಲವಾ, ಮೆತ್ತಗಿನವರು, ಅಳುವವರು, ಟೀಚರಮ್ಮನಂಥವರು, ನನ್ನನ್ನೇ ಯಾಕೆ ಕತ್ತು ಹಿಡಿದು ಎಬ್ಬಿಸಿದೆ, ಹಗೆಯವನನ್ನು ಪ್ರೀತಿಸಬೇಕು ಎಂದು ಹೇಳಿಹೋದೆ, ಎಲ್ಲಿಂದ ತರಲಿ, ಅದೇನು ತಗಡೇ ಬಡಿದು ಅಗಲ ಮಾಡಲಿಕ್ಕೆ, ಇಲ್ಲದ್ದು ಇಲ್ಲ, ಕೆರೆದರೂ ಇಲ್ಲ.

ಏನಂದೆ? ಮೇಸ್ತ್ರಿ ಏನೋ ಅನ್ನುತ್ತಿದ್ದಾನೆ, ತುಟಿ ಅಲ್ಲಾಡುತ್ತಿದೆ, ಸರಿದು ಹತ್ತಿರ ಬಂದ, ಎಡಗಿವಿಯ ಕಡೆಗೆ, ಯಾವ ಕಿವಿ ಎಂದು ಇವನಿಗೆ ಗೊತ್ತಿದೆ, ಲೋ ಸುತ್ತಿಗೆ, ಒಳಗೆ ಹೋಗೋ ಮುಂಚೆ ಒಂದು ಮಾತು, ಅವತ್ತು ನೀನು ಹಾಡಿಗೆ ಎದ್ದಿದ್ದು ಅಂತ ನನಗೆ ಗೊತ್ತು ಕಣೋ. ಅವನು ತಟ್ಟನೆ ತಿರುಗಿದ. ಯಾರು ಹೇಳಿದ್ರು? ಯಾರು ಹೇಳ್ಬೇಕು, ಆಚೆ ಸಾಲಿಂದ ನೋಡ್ತಿದ್ದೆ, ಕಿಡ್ನಿ ಕೊಡೋನು ಪುಸ್ತಕ ತೆಗೆದು ಪುಟ ಹುಡುಕ್ತಾನೇನೋ? ನಾಲ್ಕು ತಿಂಗಳಿಂದ ಗೊತ್ತಾ? ಗೊತ್ತು. ಮತ್ತೆ ಬಾಯಿ ಬಿಡಲಿಲ್ಲ ಯಾಕೆ ಮೇಸ್ತ್ರಿ? ಬದುಕೋಣ ಅನ್ನಿಸ್ತು, ಇನ್ನೇನು. ಇಷ್ಟು ಹೇಳಿ ಉಸಿರು ಎಳೆದುಕೊಂಡ, ಎದೆಯಲ್ಲಿ ಗೊರಗೊರ, ಇನ್ನೊಂದೂ ಹೇಳಿಬಿಡ್ತೀನಿ, ನಿನ್ನ ತಮ್ಮ ತಾಮ್ರ ಹೊತ್ಕೊಂಡು ಹೋಗಿದ್ದನ್ನ ಕಣ್ಣಾರೆ ಕಂಡೆ, ಇವತ್ತು ಕಂಡಿಲ್ಲ ಅಂದ್ರೆ ನಿನಗೂ ಹಿತ ನನಗೂ ಹಿತ, ಆದ್ರೆ ಕಂಡೆ, ಅಷ್ಟು ಜನರ ಮುಂದೆ ಹುಡುಗನ ಮಾನ ತೆಗೆದೆ ನೋಡು, ಕರೆದು ಕಪಾಳಕ್ಕೆ ಹೊಡೆದು ಬಿಟ್ಟಿದ್ರೆ ಆಗ್ತಿತ್ತು, ಅದು ನನ್ನ ಪಾಪ, ಅದಕ್ಕೆ ದಿನಾ ಉಗಿಸ್ಕೋತೀನಿ ಮೇಲಿನವನ ಹತ್ರ. ಎದ್ದು ಅವನ ಕುತ್ತಿಗೆಗೆ ಕೈಹಾಕಬೇಕಿತ್ತು, ಬೆರಳೂ ಮಡಚಿತು, ಎಂಥಾ ಮನುಷ್ಯನಯ್ಯಾ ಇವನು, ಕಿಡ್ನಿ ಬೇಡಲು ಬಂದವನು ಒಂದು ಸುಳ್ಳು ಹೇಳಬಾರದಾ, ಒಂದೇ ಒಂದು — ಮತ್ತೆ ಆ ಬೂಟು. ತಾಮ್ರ ಕಾಣೆಯಾದ ವಾರವೇ ತಮ್ಮ ತನಗೆ ಹೊಸ ಬೂಟು ತಂದಿದ್ದ, ಅಣ್ಣಾ ಹಾಕ್ಕೊಂಡು ನೋಡು, ಅಳತೆ ಸರಿಯಾಗಿತ್ತು, ಎಲ್ಲಿಂದ ತಂದೆ ಎಂದು ಕೇಳಲಿಲ್ಲ, ಕೇಳದೆ ಇರುವುದಕ್ಕೆ ಎಷ್ಟು ಕಷ್ಟಪಟ್ಟ, ಮೂರು ವರ್ಷ ಮೆಟ್ಟಿದ, ಅಟ್ಟೆ ಸವೆಯುವ ತನಕ, ಗೊತ್ತಿತ್ತು, ಮೊದಲಿಂದಲೂ ಗೊತ್ತಿತ್ತು, ಇಬ್ಬರಿಗೂ ಎಲ್ಲವೂ ಗೊತ್ತಿತ್ತು, ಮೇಸ್ತ್ರಿ ಬದುಕಲಿಕ್ಕೆ ಸುಮ್ಮನಿದ್ದ, ತಾನು ದ್ವೇಷ ಮಾಡಲಿಕ್ಕೆ ಸುಮ್ಮನಿದ್ದ. ಜವಾನ ಬಾಗಿಲು ತೆಗೆದು ಕೈಬೀಸಿದ, ಇಬ್ಬರೂ ಬನ್ನಿ, ಅಮ್ಮಾವರು ಕರೀತಿದ್ದಾರೆ.

ಉದ್ದನೆಯ ಮೇಜು, ನಡುವೆ ನರೆತ ಕೂದಲಿನ ಹೆಂಗಸು, ಅತ್ತಿತ್ತ ಇಬ್ಬರು, ಒಬ್ಬನ ಕೈಯಲ್ಲಿ ಪೆನ್ನು, ಜವಾನ ಎಲ್ಲರ ಮುಂದೂ ನೀರಿನ ಲೋಟ ಇಟ್ಟ, ಮೇಸ್ತ್ರಿಯ ಮುಂದೆಯೂ ಇಟ್ಟ, ಅವನಿಗೇನು ಗೊತ್ತು, ಕಿಡ್ನಿ ಹೋದವನಿಗೆ ದಿನಕ್ಕಿಷ್ಟೇ ನೀರು ಎಂದು ಕಟ್ಟು, ಇವತ್ತಿನದು ದಾರಿಯಲ್ಲೇ ಮುಗಿದಿದೆ. ಇವರ ಮೇಲೆ ನಿಮಗೆ ಪ್ರೀತಿ ಇದೆಯಾ, ಅದಕ್ಕೇ ಕೊಡ್ತಿದ್ದೀರಾ? ಎಷ್ಟು ಸಲೀಸಾಗಿ ಕೇಳಿದಳು, ಚಿಲ್ಲರೆ ಇದೆಯಾ ಎಂಬಂತೆ. ಇಲ್ಲ. ಪೆನ್ನು ನಿಂತಿತು. ಏನಂದ್ರಿ? ಇಲ್ಲ ಅಂದೆ ಮೇಡಂ, ಪ್ರೀತಿ ಗೀತಿ ಇಲ್ಲ, ತಪ್ಪಿ ಎದ್ದೆ, ಎದ್ದಮೇಲೆ ಕೂರೋಕೆ ನಾಚಿಕೆ ಆಯ್ತು, ಸಾಯಲಿ ಅಂತ ಬೇಡ್ಕೊಂಡಿದೀನಿ ಕೂಡ. ಹೇಳಿಬಿಟ್ಟ! ಹೊರಗೆ ಬಂತು, ಕೀವು ಒಡೆದ ಹಾಗೆ, ಆಕೆ ಕನ್ನಡಕ ತೆಗೆದಳು, ಸಿಟ್ಟಾಗಲಿಲ್ಲ, ಫೈಲು ಮುಚ್ಚಿದಳು, ನಿಜ ಹೇಳಿದ್ದಕ್ಕೆ ಸಂತೋಷ, ಹಾಗಾದ್ರೆ ನಾವು ಒಪ್ಪಿಗೆ ಕೊಡೋ ಹಾಗಿಲ್ಲ, ನೀವು ಹೊರಡಿ, ನಿಮ್ಮದೇನೂ ತಪ್ಪಿಲ್ಲ. ಬಿಡುಗಡೆ. ಬೇಡಿಕೊಂಡಿದ್ದು ಇದೇ ಅಲ್ಲವಾ, ಹೊರಡು, ಮೇಸ್ತ್ರಿ ಈಗ ಬೈಯುತ್ತಾನೆ, ಅಳುತ್ತಾನೆ, ಬೈಯಲಿ, ಅತ್ತರೆ ಇನ್ನೂ ಒಳ್ಳೆಯದು, ಮನಸ್ಸು ಗಟ್ಟಿಯಾಗುತ್ತದೆ — ಮೇಸ್ತ್ರಿ ಬೈಯಲಿಲ್ಲ. ಇತ್ತ ತಿರುಗಲೂ ಇಲ್ಲ. ತೋರುಬೆರಳನ್ನು ಲೋಟದೊಳಗೆ ಅದ್ದಿದ, ಉಗುರು ಮುಳುಗುವಷ್ಟು, ಎತ್ತಿ ತುಟಿಯ ಮೇಲೆ ಎಳೆದುಕೊಂಡ, ತುಟಿ ಬಿರಿದು ಕಪ್ಪಗಾಗಿತ್ತು, ಲೋಟವನ್ನು ಇನ್ನೊಂದು ಕೈಯಿಂದ ದೂರ ಸರಿಸಿದ. ಇತ್ತ ಅವನು ತನ್ನ ಲೋಟ ಎತ್ತಿದ, ಗಂಟಲು ಒಣಗಿದೆ, ಅಂಚು ಹಲ್ಲಿಗೆ ತಾಗಿತು, ನುಂಗಲು ಆಗಲಿಲ್ಲ, ತಮ್ಮನನ್ನು ನೆನೆ, ಆ ಕೋಣೆ, ಆ ಕೆಮ್ಮು, ಕೊನೆಗೆ ಬಾಯಿಗೆ ನೀರು ಬಿಟ್ಟವರು ಯಾರಾದರೂ ಇದ್ದರಾ ಎಂದು ಯಾರನ್ನೂ ಕೇಳಲಿಲ್ಲವಲ್ಲ ನೀನು, ಸಿಟ್ಟು ಬಾ, ಈಗ ಬಾ, ಯಾವಾಗಲೂ ಕರೆಯದೆ ಬರುತ್ತಿದ್ದೆಯಲ್ಲ, ಬರಲಿಲ್ಲ, ಸರಿಸಿದ ಲೋಟದ ಕಡೆಗೆ ಮೇಸ್ತ್ರಿಯ ಕೈ ಮತ್ತೆ ಹೋಗುತ್ತಿದೆ, ಬೆರಳು, ತುಟಿ. ಮೇಡಂ, ಆ ಫೈಲು ತೆಗೀರಿ. ಯಾಕೆ? ಇದೆ ಅಂತ ಬರ್ಕೊಳ್ಳಿ. ಈಗ ತಾನೇ ಇಲ್ಲ ಅಂದ್ರಲ್ರೀ. ಅಂದೆ, ಅದೂ ನಿಜ, ಬರ್ಕೊಳ್ಳಿ. ಆಕೆ ಫೈಲು ಮತ್ತೆ ತೆರೆದಳು, ನಾವು ಬರೆಯೋ ಹಾಗಿಲ್ಲ, ಕೂತು ಯೋಚನೆ ಮಾಡಿ, ಆಮೇಲೆ ಬೇಕಾದ್ರೆ ನೀವೇ ಹಾಕಿ, ಫಾರ್ಮನ್ನು ಇತ್ತ ತಳ್ಳಿದಳು, ಪೆನ್ನನ್ನೂ. ನೀನು ಹೇಳಿದ ಪ್ರೀತಿ ಇದೇನಾ, ಸ್ವಾಮೀ, ಇಷ್ಟೇನಾ, ಇಷ್ಟು ಒಣಗಿದ್ದು, ನೋಡಲಿಕ್ಕೆ ಆಗದೆ ಇರುವುದೊಂದೇನಾ, ಅಥವಾ ಇನ್ನೊಂದು ಸುಳ್ಳಿಗೆ ಕೈ ಹಾಕುತ್ತಿದ್ದೇನಾ, ಹೇಳು, ಒಂದು ಸಲವಾದರೂ ಕೇಳುವ ಹಾಗೆ ಹೇಳು, ಏನೂ ಇಲ್ಲ, ಫ್ಯಾನು ತಿರುಗುತ್ತಿದೆ, ಪೆನ್ನು ಚೌಕದೊಳಗೆ ಇಳಿದು ಕೆಳಗಿನಿಂದ ಮೇಲಕ್ಕೆ ಸೊಟ್ಟಗೆ ಒಂದು ಗೆರೆ ಎಳೆಯಿತು, ಕಾಗದ ಹರಿಯುವಷ್ಟು ಒತ್ತಿ, ಹೆಂಡತಿಗೆ ಏನು ಹೇಳಲಿ, ನೋವು ಎಷ್ಟು ದಿನ ಇರುತ್ತದೆ, ಸತ್ತರೆ, ಯಾವ ಯೋಚನೆಯೂ ಎರಡು ಹೆಜ್ಜೆ ನಡೆಯುತ್ತಿಲ್ಲ, ಮೇಜಿನ ಆ ತುದಿಯಲ್ಲಿ ಬೆರಳು ನೀರಿಗೆ ಇಳಿಯಿತು, ಉಗುರಿನ ತನಕ, ಎದ್ದಿತು, ತುದಿಯಲ್ಲಿ ಒಂದು ಹನಿ, ಬಿರಿದ ತುಟಿ, ಬೆರಳು, ತುಟಿ, ಬೆರಳು