ಹೂ ಬಿಟ್ಟ ಮೇಲೆ

ಗಡಿಯಾರ ರಿಪೇರಿಯವನಿಗೆ ಮುಚ್ಚಿದ್ದನ್ನು ಬಿಚ್ಚದೆ ಸಮಾಧಾನವಿಲ್ಲ. ಮನೆಯ ಮುಂಗೋಣೆಯೇ ಅವನ ಅಂಗಡಿ. ಅದರ ಕಿಟಕಿಯಲ್ಲಿ ಅತ್ತೆಯ ಅಮರಿಲ್ಲಿಸ್ ಹೂಗಿಡದ ಕುಂಡ. ಗಡ್ಡೆಗಳು ಒಂದರ ಹೆಗಲ ಮೇಲೊಂದು ಹತ್ತಿ, ಮಣ್ಣೇ ಕಾಣದಷ್ಟು ಕಿಕ್ಕಿರಿದು, ಕುಂಡದ ಅಂಚು ಬಿರುಕು ಬಿಟ್ಟಿತ್ತು. ಅದನ್ನು ನೋಡಿದಾಗಲೆಲ್ಲ ಅವನ ಕೈ ತುರಿಸುತ್ತಿತ್ತು.

"ಅತ್ತೆ, ಈ ಸಲ ಬಿಚ್ಚಿ ಬೇರೆ ಕುಂಡಕ್ಕೆ ಹಾಕೋಣ. ಪಾಪ, ಉಸಿರಾಡೋಕೂ ಜಾಗ ಇಲ್ಲ ಅವಕ್ಕೆ."

"ಅಳಿಯಂದ್ರೇ, ಅದೇನು ನಿಮ್ಮ ಗಡಿಯಾರಾನಾ, ಮನಸ್ಸು ಬಂದಾಗ ಬಿಚ್ಚೋಕೆ? ಮೈಗೆ ಮೈ ತಾಗಿಸ್ಕೊಂಡಿದ್ರೇನೇ ಅವು ಹೂ ಬಿಡೋದು. ದೊಡ್ಡ ಕುಂಡಕ್ಕೆ ಹಾಕಿದ್ರೆ ಆರಾಮಾಗಿ ಬೇರು ಬಿಟ್ಕೊಂಡು ಕೂತ್ಬಿಡ್ತವೆ, ಹೂವಿನ ಮಾತೇ ಎತ್ತಲ್ಲ. ಹೂ ಬಾಡಿದ ಮೇಲೆ ನೋಡೋಣ. ಅದಕ್ಕೆ ಮುಂಚೆ ಬೇರು ಅಲುಗಿಸಿದ್ರೆ ಬಂದ ಮೊಗ್ಗೂ ಒಣಗತ್ತೆ. ಆ ವರ್ಷ ಬರೀ ಎಲೆ."

ಹೂ ಬಾಡಿದ ಮೇಲೆ ಅತ್ತೆಗೆ ಸೊಂಟನೋವು ಬರುತ್ತಿತ್ತು, ಇಲ್ಲವೇ ಬಿಸಿಲು ಜಾಸ್ತಿಯಾಗುತ್ತಿತ್ತು. ಮುಂದಿನ ವರ್ಷ ಮತ್ತೆ ಅದೇ ರಾಗ.

ಮಗಳ, ಅಂದರೆ ಅವನ ಹೆಂಡತಿಯ, ಕಾಲು ಮುರಿದಾಗ ಹದಿನೈದು ದಿನ ಇದ್ದು ನೋಡಿಕೊಳ್ಳುತ್ತೇನೆಂದು ಆ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಂದವರು ಅವರು. ಮಗಳ ಕಾಲು ಕೂಡಿ, ಅವಳು ಬಸ್ಸಿನ ಹಿಂದೆ ಓಡುವಂತಾಗಿ ವರ್ಷಗಳೇ ಆದವು. ಕುಂಡವೂ ಅತ್ತೆಯೂ ಇದ್ದಲ್ಲೇ ಇದ್ದರು. ದಿನವಿಡೀ ಕಿಟಕಿಯ ಬಳಿ ಸ್ಟೂಲಿನಲ್ಲಿ ಕೂತು, ಬಂದ ಗಿರಾಕಿಗಳ ಮಂಡಿನೋವಿನವರೆಗೂ ವಿಚಾರಿಸುತ್ತ, ನಡುನಡುವೆ "ಶ್, ಅವರು ಸ್ಪ್ರಿಂಗ್ ಹಿಡ್ಕೊಂಡಿದ್ದಾರೆ" ಎಂದು ಬಾಯಿ ಮುಚ್ಚಿಸುತ್ತ ಇರುತ್ತಿದ್ದರು. ಫ್ಯಾನ್ ಹಾಕಿದರೆ ಜಗಳ, ಆರಿಸಿದರೆ ಜಗಳ. ಆದರೆ ಅವನ ಕೈಯಿಂದ ಸಾಸಿವೆಯಷ್ಟು ಸ್ಕ್ರೂ ಜಾರಿದರೆ, ಅವನು ಭೂತಗನ್ನಡಿ ಹುಡುಕುವಷ್ಟರಲ್ಲಿ ಅತ್ತೆ ಅದನ್ನು ನೆಲದಿಂದ ಹೆಕ್ಕಿ ಅವನ ಅಂಗೈಗೆ ಹಾಕಿರುತ್ತಿದ್ದರು.

ಈ ವರ್ಷ ಅತ್ತೆಯ ದೊಡ್ಡ ಮಗಳು ಹೊಸ ಮನೆ ಕಟ್ಟಿಸಿದಳು. ಅಮ್ಮನಿಗೆಂದೇ ಒಂದು ಕೋಣೆ, ಅದಕ್ಕೆ ಎರಡು ಕಿಟಕಿ. ಯಾವಾಗ ಬರುತ್ತೀ ಎಂದು ಫೋನಿನ ಮೇಲೆ ಫೋನು. ಅತ್ತೆ ಒಮ್ಮೆ ಅಳಿಯನ ಮುಖ ನೋಡಿದರು. "ಹೂ ಬಿಡಲಿ, ನೋಡ್ಕೊಂಡು ಹೋಗ್ತೀನಿ" ಎಂದರು.

ಹೋಗಬೇಡಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಎರಡು ಕಿಟಕಿಯ ಕೋಣೆ ಬಿಟ್ಟು ಈ ಗೂಡಿನಲ್ಲೇ ಇರಿ ಎನ್ನಲು ತಾನು ಯಾರು? "ಒಳ್ಳೇದಾಯ್ತು ಬಿಡಿ, ಅಲ್ಲಿ ಗಾಳಿ ಬೆಳಕು ಚೆನ್ನಾಗಿದೆ" ಎಂದುಬಿಟ್ಟ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡ. ಅಂದಿನಿಂದ ಊಟ ರುಚಿಸಲಿಲ್ಲ. ತನ್ನ ತಾಯಿಯನ್ನು ಬಿಟ್ಟರೆ ಇಷ್ಟು ಹಚ್ಚಿಕೊಂಡದ್ದು ಈ ಜಗಳಗಂಟಿಯನ್ನೇ ಎಂದು ಅವನಿಗೆ ಆಗ ತಿಳಿಯಿತು.

ಮೊಗ್ಗನ್ನು ಮೊದಲು ಕಂಡವನೂ ಅವನೇ. ಗಡ್ಡೆಯೊಂದರ ಪಕ್ಕದಲ್ಲಿ ಹಸಿರು ಮೂಗು ಇಣುಕಿತ್ತು. ಅವನು ಕುಂಡವನ್ನು ಮೆಲ್ಲಗೆ ತಿರುಗಿಸಿ ಮೊಗ್ಗನ್ನು ಗೋಡೆಯ ಕಡೆ ಮಾಡಿದ. ಮಾರನೆಯ ದಿನ ಅದು ಮತ್ತೆ ಬಿಸಿಲಿಗೆ ತಿರುಗಿತ್ತು. ಅವನು ಮತ್ತೆ ತಿರುಗಿಸಿದ. ಮೊಗ್ಗಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ, ದಿನೇದಿನೇ ಉದ್ದವಾಯಿತು.

ಕೊನೆಗೊಂದು ಬೆಳಗ್ಗೆ ಅವನು ಗಟ್ಟಿ ಮನಸ್ಸು ಮಾಡಿದ. ಬಿಚ್ಚಿಬಿಡುವುದು. ಬೇರು ಅಲುಗಿದರೆ ಹೂವಿಲ್ಲ, ಹೂವಿಲ್ಲದಿದ್ದರೆ ಪ್ರಯಾಣವಿಲ್ಲ. ಬೈದರೆ ಬೈಸಿಕೊಂಡರಾಯಿತು. ದೊಡ್ಡ ಸ್ಕ್ರೂಡ್ರೈವರ್ ಹಿಡಿದು, ಕಳ್ಳಹೆಜ್ಜೆ ಇಡುತ್ತ ಮುಂಗೋಣೆಗೆ ಬಂದ.

ಅಲ್ಲಿ ಅತ್ತೆ ನೆಲದ ಮೇಲೆ ಹಳೆಯ ಪೇಪರು ಹರಡಿಕೊಂಡು ಕೂತಿದ್ದರು. ಕುಂಡ ಬೋರಲಾಗಿತ್ತು. ಗಡ್ಡೆಗಳೆಲ್ಲ ಹೊರಗೆ. ಅವರ ಕೈ ಮೊಣಕೈವರೆಗೂ ಮಣ್ಣು.

"ಅತ್ತೆ! ಏನ್ಮಾಡ್ತಿದ್ದೀರಿ?"

"ಏನ್ಮಾಡ್ಲಿ? ವರ್ಷಗಟ್ಟಲೆ ನನ್ನ ಪ್ರಾಣ ತಿಂದೋರು ನೀವೇ ಅಲ್ವಾ, ಬಿಚ್ಚಿ ಬಿಚ್ಚಿ ಅಂತ? ಬಿಚ್ದೆ."

"ಆದ್ರೆ... ಮೊಗ್ಗು ಬಂದಿತ್ತಲ್ಲ!"

ಅತ್ತೆ ಆ ಗಡ್ಡೆಯನ್ನು ಎತ್ತಿ, ಬೇರಿಗಂಟಿದ ಮಣ್ಣನ್ನು ಚೆನ್ನಾಗಿ ಕೊಡವಿದರು. ಮೊಗ್ಗು ಅವರ ಮೂಗಿನ ಮುಂದೆಯೇ ತೂಗಾಡಿತು.

"ಮೊಗ್ಗಾ? ನಂಗೆಲ್ಲಿ ಕಾಣತ್ತೆ ಅದು? ವಯಸ್ಸಾಯ್ತು, ಕಣ್ಣು ಮಂಜು."

ಸಾಸಿವೆಯಷ್ಟು ಸ್ಕ್ರೂ ಹೆಕ್ಕುವ ಕಣ್ಣು! ಅವನು ಅವರನ್ನೇ ನೋಡಿದ. ಅವರು ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೋಡಿದರು. ಅವನು ಅದನ್ನು ಬೆನ್ನ ಹಿಂದೆ ಸರಿಸಿದ.

ಒಳಗಿನಿಂದ ಹೆಂಡತಿ ಫೋನು ಹಿಡಿದು ಕೂಗಿದಳು: "ಅಮ್ಮಾ, ಅಕ್ಕ ಕೇಳ್ತಿದ್ದಾಳೆ, ಯಾವಾಗ ಬರ್ತೀಯಾ ಅಂತ!"

"ಹೇಳಿದ್ನಲ್ಲೇ, ಹೂ ಬಿಟ್ಟ ಮೇಲೆ!" ಎಂದು ಅತ್ತೆಯೂ ಕೂಗಿದರು.

ಅವನು ಮೂಗು ಒರೆಸಿಕೊಳ್ಳುತ್ತ ಹಿತ್ತಲಿಗೆ ಹೊರಟ. "ಅತ್ತೆ, ಅಲ್ಲಿ ಒಂದು ಚಿಕ್ಕ ಕುಂಡ ಇದೆ, ಒಂದು ದೊಡ್ಡದು. ಯಾವುದು ತರ್ಲಿ?"

ಅತ್ತೆ ತಲೆಯೆತ್ತಲಿಲ್ಲ. "ದೊಡ್ಡದೇ ತನ್ನಿ" ಎಂದರು.