ಸೂರ್ಯನನ್ನು ನಂದಿಸಿದ ಕೂದಲು

ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ‘ಸೂರ್ಯನನ್ನು ತಯಾರಿಸುತ್ತೇನೆ’ ಎನ್ನುವುದು ನನ್ನ ಚಾಳಿ. ನಿಜ ಹೇಳಬೇಕೆಂದರೆ ನಾನು ಪ್ರಯೋಗಾಲಯದಲ್ಲಿ ಸೂರ್ಯನಂತೆ ಶಕ್ತಿ ಹುಟ್ಟಿಸಲು ಕಟ್ಟಿದ ಯಂತ್ರವೊಂದರ ಗಾಜಿನ ಕಿಂಡಿಗಳನ್ನು ಒರೆಸಿ ಮುಚ್ಚುವವನು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಆರು ತಿಂಗಳ ಹಿಂದೆ ನಾದಿನಿಯನ್ನೂ, ಅಂದರೆ ಹೆಂಡತಿಯ ತಂಗಿಯನ್ನೂ, ಅಲ್ಲೇ ಕೆಲಸಕ್ಕೆ ಸೇರಿಸಿದೆ. ಹಳೆಯ ಕಾರ್ಖಾನೆ ಮುಚ್ಚಿ ಎರಡು ವರ್ಷ ಮನೆಯಲ್ಲಿ ಕೂತವಳಿಗೆ ಈ ಕೆಲಸ ಬೇಕೇ ಬೇಕಿತ್ತು. ಅದು ಈ ವಾರ ಕಾಯಂ ಆಗುವುದರಲ್ಲಿತ್ತು.

ಮೊದಲ ದಿನವೇ ಅವಳಿಗೆ ಪಾಠ ಶುರು ಮಾಡಿದ್ದೆ.

‘ನೋಡಮ್ಮ, ಸೂರ್ಯನ ಒಳಗಿರೋದು ಹೆಚ್ಚಾಗಿ ಹೈಡ್ರೋಜನ್ನು. ಅದರ ಪರಮಾಣು ಬೀಜಗಳು ದಾಯಾದಿಗಳಿದ್ದ ಹಾಗೆ, ಒಂದನ್ನ ಕಂಡ್ರೆ ಇನ್ನೊಂದಕ್ಕೆ ಆಗಲ್ಲ.’

‘ಮತ್ತೆ ಹೇಗೆ ಕೂಡ್ತವೆ ಭಾವ?’

‘ನಡುಮಧ್ಯೆ ಒಂದೂವರೆ ಕೋಟಿ ಡಿಗ್ರಿ ಕಾವು, ಮೇಲಿಂದ ಹೇಳತೀರದ ಭಾರ. ತಪ್ಪಿಸ್ಕೊಳ್ಳೋಕೆ ಜಾಗ ಎಲ್ಲಿದೆ? ಢಿಕ್ಕಿ ಹೊಡೆದು ಹೊಡೆದು ಕೊನೆಗೆ ಕೂಡಿ ಹೀಲಿಯಂ ಆಗ್ತವೆ. ಕೂಡಿದ್ಮೇಲೆ ತೂಕ ಒಂದು ಚೂರು ಕಮ್ಮಿ ಇರತ್ತೆ. ಆ ಚೂರೇ ನಮಗೆ ಬೀಳೋ ಬಿಸಿಲು. ನಕ್ಷತ್ರಗಳ ಕಥೆನೂ ಇದೇ.’

ನಮ್ಮ ಯಂತ್ರಕ್ಕೆ ಸೂರ್ಯನ ಭಾರವಿಲ್ಲ. ಹಾಗಾಗಿ ಅನಿಲವನ್ನು ಹತ್ತು ಕೋಟಿ ಡಿಗ್ರಿ ಮೀರಿ ಕಾಯಿಸಬೇಕು, ಅದು ಗೋಡೆಗೆ ತಾಗದಂತೆ ಅಯಸ್ಕಾಂತಗಳಿಂದ ನಡುವೆಯೇ ಹಿಡಿದಿಡಬೇಕು. ಹೊರಗಿನ ಗಾಳಿ ಒಂದಿಷ್ಟು ನುಸುಳಿದರೂ ಅನಿಲ ತಣ್ಣಗಾಗಿ ಆರಿಹೋಗುತ್ತದೆ. ಕಿಂಡಿಯ ಅಂಚಿನಲ್ಲಿ ಒಂದು ಕೂದಲು ಸಿಕ್ಕಿಕೊಂಡರೂ ಸಾಕು, ಗಾಳಿಗೆ ದಾರಿ. ಅದಕ್ಕೇ ಟೋಪಿಯಿಲ್ಲದೆ ಕಿಂಡಿಯ ಹತ್ತಿರ ಸುಳಿಯಬಾರದೆಂದು ಅವಳ ತಲೆ ಒಂದು ಗಂಟೆ ತಿಂದಿದ್ದೆ. ಮೊಣಕಾಲು ಮುಟ್ಟುವ ಜಡೆ ಅವಳದು. ಪಾಪ, ದಿನವೂ ಸುತ್ತಿ ಸುತ್ತಿ ಟೋಪಿಯೊಳಗೆ ತುರುಕುತ್ತಿದ್ದಳು.

ಸೋಮವಾರ ದೊಡ್ಡ ಕಿಂಡಿ ಮುಚ್ಚುವ ಮುನ್ನ ನನ್ನ ಹೆಗಲಿಗೆ ಶನಿ ಏರಿದ. ಅದರ ಪಕ್ಕ ನಿಂತು ಫೋಟೊ ತೆಗೆಸಿ ಹೆಂಡತಿಯ ಕಡೆಯವರಿಗೆಲ್ಲ ಕಳಿಸಬೇಕೆನಿಸಿತು. ಟೋಪಿಯಲ್ಲಿ ನಾನು ಥೇಟ್ ಅಡುಗೆಭಟ್ಟನಂತೆ ಕಾಣುತ್ತೇನೆ. ತೆಗೆದು, ಬೆರಳಲ್ಲೇ ಕೂದಲು ಬಾಚಿಕೊಂಡೆ.

‘ಟೋಪಿ ಹಾಕ್ಕೊಳ್ಳಿ ಭಾವ.’

‘ನನಗೇ ಪಾಠನಾ? ಮೊದಲು ಫೋಟೊ ತೆಗಿ.’

ನನ್ನ ಫೋನಿನಲ್ಲಿ ತೆಗೆದಳು. ಆಮೇಲೆ ನಾನೇ ಗಾಳಿ ತಡೆಯುವ ರಬ್ಬರ್ ಬಳೆ ಕೂರಿಸಿ, ಗಾಜು ಇಟ್ಟು, ಬೋಲ್ಟು ಬಿಗಿದೆ. ದಾಖಲೆಯಲ್ಲಿ ಇಬ್ಬರೂ ಸಹಿ ಹಾಕಿದೆವು.

ಬುಧವಾರ ಯಂತ್ರ ಚಾಲು ಮಾಡಿದರೆ ಒಳಗಿನ ಬೆಳಕು ಕಣ್ಣು ಮಿಟುಕಿಸುವಷ್ಟರಲ್ಲಿ ಆರಿತು. ಮೂರು ಸಲವೂ ಹಾಗೇ. ಸರಿ, ಸೋರಿಕೆ ಹುಡುಕಲು ಹೊರಟೆವು. ಪ್ರತಿ ಸಂದಿಗೂ ಹೊರಗಿನಿಂದ ಹೀಲಿಯಂ ಊದುವುದು. ಅದು ಒಳಗೆ ನುಗ್ಗಿದ ಕಡೆ ಮಾಪಕ ಕೂಗುತ್ತದೆ. ಅದು ಕೂಗಿದ್ದು ನಮ್ಮ ಕಿಂಡಿಯ ಮುಂದೆ. ಬಿಚ್ಚಿದರೆ ರಬ್ಬರ್ ಬಳೆಗೆ ಅಡ್ಡಲಾಗಿ ಬೆರಳುದ್ದದ ಕಪ್ಪು ಕೂದಲು.

ಮುಖ್ಯ ಇಂಜಿನಿಯರ್ ಮೇಡಂ ಅದನ್ನು ಚಿಮುಟದಲ್ಲಿ ಎತ್ತಿ ಹಿಡಿದರು. ಎಲ್ಲರ ಕಣ್ಣೂ ನಾದಿನಿಯ ಉಬ್ಬಿದ ಟೋಪಿಯ ಮೇಲೆ ಬಿತ್ತು.

‘ನಿಮ್ಮದೇ ತುಂಡಾಗಿ ಬಿದ್ದಿರಬೇಕು. ನಿಮ್ಮನ್ನ ಕಾಯಂ ಮಾಡೋ ಕಾಗದಕ್ಕೆ ಇವತ್ತು ಸಹಿ ಹಾಕೋಳಿದ್ದೆ’ ಎಂದರು ಮೇಡಂ.

ನಾದಿನಿ ನನ್ನತ್ತ ಒಮ್ಮೆ ನೋಡಿದಳು. ಫೋಟೊದ ವಿಷಯ ಎತ್ತಲಿಲ್ಲ. ‘ನನಗೆ ಗೊತ್ತಿಲ್ಲ ಮೇಡಂ’ ಎಂದಳು, ಅಷ್ಟೆ.

ನನಗೆ ಗೊತ್ತಿತ್ತು. ಆದರೂ ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತದಲ್ಲ ಎಂದು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಮೇಡಂ ಕಾಗದವನ್ನು ಮಡಚಿ ಜೇಬಿಗಿಟ್ಟರು. ಅವಳು ಕೆಳತುಟಿ ಕಚ್ಚಿಕೊಂಡಳು. ಆಗ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

‘ಅದು ನಂದು ಮೇಡಂ.’

‘ನಾದಿನೀನ ಉಳಿಸೋಕೆ ಹೇಳ್ಬೇಡಿ.’

‘ಭೂತಗನ್ನಡಿ ಹಿಡಿದು ಬುಡ ನೋಡಿ. ಬೆಳ್ಳಗಿರತ್ತೆ. ನಾನು ಬಣ್ಣ ಹಚ್ಚೋದು ತಿಂಗಳಿಗೊಂದೇ ಸಲ.’

ನೋಡಿದರು. ಬೆಳ್ಳಗಿತ್ತು. ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಮೇಡಂ ನನ್ನನ್ನು ಕಿಂಡಿ ಕೆಲಸದಿಂದ ತೆಗೆದರು. ಕಾಗದ ಬಿಡಿಸಿ ಸಹಿ ಹಾಕಿ ಹೋದರು.

ನಾದಿನಿ ಮಾತ್ರ ನಗಲಿಲ್ಲ. ಹೊಸ ರಬ್ಬರ್ ಬಳೆ ಒರೆಸುತ್ತಾ, ತಲೆಯೆತ್ತದೆ ಕೇಳಿದಳು, ‘ಅವರು ಕಾಗದ ಮಡಚೋವರೆಗೂ ಯಾಕೆ ಸುಮ್ಮನಿದ್ರಿ ಭಾವ?’

ನಾನೂ ಒರೆಸೋಣವೆಂದು ಒಂದು ಬಟ್ಟೆ ಎತ್ತಿಕೊಂಡೆ.

‘ಬೇಡ, ಮುಟ್ಟಬೇಡಿ’ ಎಂದಳು. ‘ಈ ಸಲ ಸಹಿ ನಂದೊಂದೇ ಇರಲಿ.’