ಎರಡನೇ ಕರಿಯ

"ನೀನು ತುಂಬ ಚೆನ್ನಾಗಿ ಮಾತಾಡ್ತೀಯಪ್ಪ," ಎಂದ ಗ್ರೇಡನ್ ಹಾಲಿಸ್ಟರ್. "ನಿಜ ಹೇಳ್ತೀನಿ, ನಾನು ಇಷ್ಟು ಅಂದ್ಕೊಂಡಿರ್ಲಿಲ್ಲ."

"ಥ್ಯಾಂಕ್ಸ್ ಸಾರ್," ಎಂದ ವೆಂಡೆಲ್ ಸ್ಟೋಕ್ಸ್.

ಥ್ಯಾಂಕ್ಸ್ ಯಾಕೆ ಹೇಳಿದೆ ಎಂದು ಅವನಿಗೇ ಗೊತ್ತಾಗಲಿಲ್ಲ. ಬಾಯಿ ರೂಢಿಯ ಮೇಲೆ ಹೇಳಿಬಿಟ್ಟಿತ್ತು. ವಯಸ್ಸು ಐವತ್ನಾಲ್ಕು. ಅಮೆರಿಕನ್ ಫುಟ್‌ಬಾಲ್ ತಂಡಗಳಲ್ಲಿ ಕೋಚಾಗಿ ಇಪ್ಪತ್ತೇಳು ವರ್ಷ ಗಂಟಲು ಹರಿದುಕೊಂಡವನು, ಲೀಗ್ ಗೆದ್ದ ಮೂರು ತಂಡಗಳ ಜೊತೆ ಇದ್ದವನು. ಅಂಥವನಿಗೆ ನಾಲಿಗೆ ಇದೆ ಅನ್ನುವುದೇ ಈ ಮುದುಕನಿಗೆ ದೊಡ್ಡ ಸುದ್ದಿಯಾಗಿತ್ತು. ಹಾಲಿಸ್ಟರ್ ಲೂಯಿವಿಲ್‌ನ ಬಾರ್ಜ್‌ಮೆನ್ ತಂಡದ ಮಾಲೀಕ. ಲಾರಿ ಕಂಪನಿ ಅಪ್ಪ ಕಟ್ಟಿದ್ದು, ತಂಡ ಅಪ್ಪ ಕೊಂಡಿದ್ದು. ಈತನ ಸ್ವಂತದ್ದು ಅಂದರೆ ಬಿಳಿ ಮೀಸೆಯೊಂದೇ.

ಪಕ್ಕದಲ್ಲಿ ತಂಡದ ಮ್ಯಾನೇಜರ್ ಬ್ರೆಟ್ ಕೀಲರ್ ಕೂತಿದ್ದ. ಸಂದರ್ಶನ ಶುರುವಾಗಿ ಇಪ್ಪತ್ತು ನಿಮಿಷವಾದರೂ ಅವನು ಫೋನಿನಿಂದ ತಲೆ ಎತ್ತಿರಲಿಲ್ಲ.

"ಎಲ್ರೂ ಒಂದೇ ಮಾತು ಹೇಳ್ತಾರೆ ವೆಂಡೆಲ್. ನಿನ್ನ ಹುಡುಗ್ರನ್ನ ನೀನು ಹಿಡಿತದಲ್ಲಿ ಇಟ್ಕೋತೀಯಂತೆ."

"ನನ್ನ ಹುಡುಗ್ರು ಅಂದ್ರೆ ಯಾರು ಸಾರ್?"

"ಅದೇ ಕಣಯ್ಯ... ಓಡೋ ಹುಡುಗ್ರು."

ಕೀಲರ್ ಫೋನು ನೋಡುತ್ತಲೇ ನಕ್ಕ.

ಚೆಂಡನ್ನು ಕಂಕುಳಿಗೆ ಒತ್ತಿಕೊಂಡು, ಎದುರಿನವರ ಎಲುಬಿಗೆ ಎಲುಬು ಕೊಟ್ಟು ನುಗ್ಗುವವರಿಗೆ ಪಾಠ ಹೇಳುವುದು ವೆಂಡೆಲ್‌ನ ಕೆಲಸ. ಚೆಂಡು ಎಸೆಯುವವನಿಗೆ ಕಲಿಸುವುದು, ಆಟದ ನಕ್ಷೆ ಬರೆಯುವುದು ಬಿಳಿಯರ ಮಕ್ಕಳ ಕೆಲಸ. ಹೆಡ್ ಕೋಚ್ ಆಗುವವರೆಲ್ಲ ಆ ಕಡೆಯಿಂದಲೇ ಬರುತ್ತಾರೆ. ತನ್ನನ್ನೂ ಅಲ್ಲಿಗೆ ಹಾಕಿ ಎಂದು ವೆಂಡೆಲ್ ನಾಲ್ಕು ತಂಡಗಳಲ್ಲಿ ಕೇಳಿದ್ದ. ನಾಲ್ಕೂ ಕಡೆ ಬೆನ್ನು ತಟ್ಟಿ, ಓಟ ಕಲಿಸೋಕೆ ನಿನ್ನಂಥವನು ಇನ್ನೆಲ್ಲಿ ಸಿಗ್ತಾನೆ ಅಂತ ಹೊಗಳಿ, ಇದ್ದಲ್ಲೇ ಬಿಟ್ಟಿದ್ದರು. ಹೆಡ್ ಕೋಚ್ ಕೆಲಸಕ್ಕೆ ಇದು ಅವನ ಒಂಬತ್ತನೇ ಸಂದರ್ಶನ. ಇದಾದ ಮೇಲೆ ಯಾರೂ ಕರೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಈ ಕೆಲಸಕ್ಕೆ ಈಗೀಗ ಮೂವತ್ತೈದರ ಹುಡುಗರು ಬೇಕು.

"ಎಸೆತದ ಕಡೆ ಇದ್ಯಲ್ಲ, ಅದು ಸ್ವಲ್ಪ ತಲೆ ಓಡಿಸೋ ಕೆಲಸ," ಎಂದ ಹಾಲಿಸ್ಟರ್. "ಅದಕ್ಕೆ ನೀನು ಒಬ್ಬ ಚುರುಕು ಹುಡುಗನ್ನ ಪಕ್ಕದಲ್ಲಿ ಇಟ್ಕೋಬೇಕಾಗುತ್ತೆ."

"ಟ್ಯಾನರ್ ಲಿಂಡ್ ಥರದೋನಾ ಸಾರ್?"

ಆಗ ಮಾತ್ರ ಕೀಲರ್ ತಲೆ ಎತ್ತಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಲಿಂಡ್ ಹಳೆಯ ಕೋಚೊಬ್ಬನ ಮಗ. ಹತ್ತು ವರ್ಷದ ಹಿಂದೆ ಅಪ್ಪನ ಹೆಸರು ಹೇಳಿಕೊಂಡು ವೆಂಡೆಲ್‌ನ ಕೋಣೆಗೆ ಸೇರಿದ್ದ. ಕಾಫಿ ತರುತ್ತಿದ್ದ. ಎದುರಾಳಿಯ ಆಟದ ವಿಡಿಯೋ ನೋಡುವಾಗ ಚೆಂಡಿನ ಮೇಲೆ ಕಣ್ಣಿಡದೆ, ಆಟಗಾರರ ಪಾದ ಯಾವ ಕಡೆ ತಿರುಗಿದೆ ನೋಡು ಎಂದು ಅವನಿಗೆ ಕಲಿಸಿದ್ದು ವೆಂಡೆಲ್, ಅದೂ ತನ್ನ ಮನೆಯ ಅಡುಗೆಕೋಣೆಯ ಮೇಜಿನ ಮೇಲೆ. ಹೆಂಡತಿ ಲೊರೇನ್ ಕರಿದ ಮೀನು, ಸೊಪ್ಪಿನ ಪಲ್ಯ ಬಡಿಸಿದ್ದಳು. ಎರಡು ವರ್ಷದಲ್ಲಿ ಲಿಂಡ್‌ನನ್ನು ಎಸೆತದ ಕಡೆಗೆ ಕರೆದುಕೊಂಡು ಹೋದರು. ಈಗ ಪೇಪರಿನವರು ಅವನನ್ನು ಮೇಧಾವಿ ಎನ್ನುತ್ತಾರೆ.

ಹಾಲಿಸ್ಟರ್‌ನ ಫೋನು ಗುನುಗಿತು. "ಹತ್ತೇ ನಿಮಿಷ, ಬಂದೆ," ಎನ್ನುತ್ತ ಎದ್ದ. ಕೀಲರ್ ಅವನ ಹಿಂದೆಯೇ ಹೊರಟ. ವೆಂಡೆಲ್‌ಗೆ ಒಂದು ಲೋಟ ನೀರು ಬೇಕೇ ಎಂದು ಯಾರೂ ಕೇಳಿರಲಿಲ್ಲ. ಕಾಫಿಯ ವಾಸನೆ ಹಿಡಿದು ಅವನು ಕಾರಿಡಾರಿನಲ್ಲಿ ನಡೆದ. ಅದು ಆಟಗಾರರ ಊಟದ ಕೋಣೆಯ ಹಿಂದಿನ ಅಡುಗೆಮನೆಗೆ ಕರೆದೊಯ್ದಿತು.

ಅಲ್ಲಿ ಅರವತ್ತರ ಆಸುಪಾಸಿನ ಕರಿಯ ಹೆಂಗಸೊಬ್ಬಳು ತಲೆಗೆ ಬಲೆಟೋಪಿ ಹಾಕಿಕೊಂಡು, ಬಾಗಿಲಿನಷ್ಟು ಅಗಲದ ಕೇಕಿನ ಮೇಲೆ ಬಗ್ಗಿ ಕ್ರೀಮು ಹಿಂಡುತ್ತಿದ್ದಳು. ಎದೆಯ ಮೇಲೆ ಇರ್ಮಾ ಜೀನ್ ಎಂದು ಹೆಸರಿನ ಬಿಲ್ಲೆ ಇತ್ತು. ವೆಂಡೆಲ್‌ನ ಸೂಟು, ಟೈ, ಮಿಂಚುವ ಬೂಟು ಎಲ್ಲವನ್ನೂ ಒಂದು ಸಲ ಮೇಲಿಂದ ಕೆಳಗೆ ನೋಡಿದಳು.

"ಅಯ್ಯೋ ದೇವ್ರೇ. ಇವತ್ತಿನೋನು ನೀನೇನಪ್ಪ?"

"ಇವತ್ತಿನೋನು ಅಂದ್ರೆ ಏನಕ್ಕಾ?"

"ನಿನ್ನೆ ಒಬ್ಬ ಬಂದಿದ್ದ. ಅವನೂ ನಮ್ಮೋನೇ, ಅವನೂ ಹಿಂಗೇ ಮದ್ಲಿಂಗನಂಗೆ ಟೈ ಕಟ್ಕಂಡಿದ್ದ. ಅರ್ಧ ಗಂಟೇಲಿ ಆಚೆ ಕಳುಸ್ಬುಟ್ರು. ಎಲ್ಲಿಂದ ಬಂದೆ ಮಗ?"

"ಹುಟ್ಟಿದ್ದು ಅಲಬಾಮಾ ಅಕ್ಕಾ, ಮೇರಿಯನ್ ಕಡೆ."

"ಅಷ್ಟ್ ದೂರದಲ್ಲಿ ಹುಟ್ಟಿ ಇಲ್ಲಿಗ್ ಉಗುಸ್ಕಳಕೆ ಬಂದ್ಯಾ! ಬಾ ಇಲ್ಲಿ, ನೋಡು."

ಅವಳು ಪಕ್ಕಕ್ಕೆ ಸರಿದಳು. ಕೇಕಿನ ಮೇಲೆ ನೀಲಿ ಕ್ರೀಮಿನಲ್ಲಿ, ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: ಸುಸ್ವಾಗತ, ಕೋಚ್ ಲಿಂಡ್.

"ಹೋದ ಗುರುವಾರ ಆರ್ಡರ್ ಕೊಟ್ಟವ್ರೆ," ಎಂದಳು ಇರ್ಮಾ ಜೀನ್. "ಇವತ್ತು ಮಂಗಳವಾರ. ಮೂರು ಗಂಟೆಗೆ ಪೇಪರ್ನೋರು, ಟೀವಿಯೋರು ಎಲ್ಲ ಬತ್ತಾರೆ. ಆ ಹುಡುಗ ಆಗ್ಲೇ ಮೇಲಿನ ರೂಮಲ್ಲಿ ಕುಂತವ್ನೆ, ಹಾರ ಹಾಕುಸ್ಕಳಕೆ. ಇಬ್ರು ಕರಿಯರ ಮುಖ ನೋಡ್ದೆ ಅವನ ಹೆಸ್ರು ಹೇಳಂಗಿಲ್ವಂತೆ, ಲೀಗಿನ ರೂಲ್ಸು. ನಿನ್ನೆಯೋನು ಒಂದನೆಯೋನು. ನೀನು ಎರಡನೆಯೋನು."

ವೆಂಡೆಲ್ ಆ ನೀಲಿ ಅಕ್ಷರಗಳನ್ನೇ ನೋಡುತ್ತ ನಿಂತ. ಗೊತ್ತಿಲ್ಲದ ವಿಷಯವೇನಲ್ಲ. ಹಿಂದಿನ ಎಂಟು ಸಲವೂ ಒಳಗೊಳಗೇ ಗೊತ್ತಿತ್ತು. ಆದರೆ ಈ ಸಲವಾದರೂ ನಿಜ ಇರಬಹುದೇನೋ ಎಂದು ಆಸೆಪಟ್ಟಿದ್ದ, ಹೊಸ ಬೂಟು ಕೊಂಡಿದ್ದ. ಆ ಬೂಟು ನೋಡಿಕೊಂಡು ಅವನಿಗೆ ಮೈಯೆಲ್ಲ ಉರಿಯಿತು.

"ಬೋಳಿಮಕ್ಳು," ಎಂದಳು ಇರ್ಮಾ ಜೀನ್, ಕ್ರೀಮಿನ ಚೀಲವನ್ನು ಮೇಜಿನ ಮೇಲೆ ಕುಕ್ಕಿ. "ಇಪ್ಪತ್ತೆರಡು ವರ್ಷದಿಂದ ಇಲ್ಲಿ ಬೇಯಿಸಿ ಹಾಕ್ತಿವ್ನಿ. ಆಡೋರು ನಮ್ಮೋರು. ಮೊಣಕಾಲು ಮುರ್ಕಂಡು ಮನೆಗೋಗೋರು ನಮ್ಮೋರು. ತಟ್ಟೆ ತೊಳ್ಯೋರು, ಹುಲ್ಲು ಕೊಯ್ಯೋರು ನಮ್ಮೋರು. ಆಡ್ಸೋನು ಮಾತ್ರ ಯಾವ ಕಾಲಕ್ಕೂ ಅವ್ರ ಪೈಕಿಯೋನೇ. ಕಾಫಿ ಕುಡ್ದು ಹೋಗು, ಬರೀ ಹೊಟ್ಟೇಲಿ ಹೋಗ್ಬೇಡ."

ಕಾಫಿ ಕುಡಿಯುತ್ತಲೇ ಅವನು ಹೆಂಡತಿಗೆ ಫೋನು ಮಾಡಿದ. ಲೊರೇನ್ ಪೂರ್ತಿ ಕೇಳಿಸಿಕೊಂಡಳು.

"ಎದ್ದು ಬಂದ್ಬಿಡು," ಎಂದಳು.

"ಎದ್ದು ಬಂದ್ರೆ ಇವನಿಗೆ ಆಸಕ್ತಿ ಇರ್ಲಿಲ್ಲ ಅಂತ ಬರೀತಾರೆ. ನಾಳೆ ಬೆಳಿಗ್ಗೆ ಇನ್ನೊಬ್ಬನ್ನ ಹಿಡ್ಕಂಡು ಬರ್ತಾರೆ."

"ಹಂಗಾದ್ರೆ ಕೂತ್ಕೊ."

"ಕೂತ್ರೆ ಎರಡನೆಯೋನು ಆದ ಅಂತ ಗೀಟು ಹಾಕ್ತಾರೆ."

"ನಾನೇನು ಹೇಳ್ಲಿ ವೆಂಡೆಲ್. ಆ ಲಿಂಡ್‌ಗೆ ಎರಡು ಸಲ ಬಡ್ಸಿದ್ದೆ, ಮೂರನೇ ಸಲ ಅವನೇ ಕೈ ಹಾಕಿ ಹಾಕ್ಕಂಡ. ಅವತ್ತೇ ತಟ್ಟೆ ಕಿತ್ಕಬೇಕಿತ್ತು," ಎಂದಳು.

ಅವನು ವಾಪಸು ಬಂದಾಗ ಇಬ್ಬರೂ ಕಾಯುತ್ತಿದ್ದರು. ಗೋಡೆ ಗಡಿಯಾರದಲ್ಲಿ ಎರಡೂಹತ್ತು. ಹಾಲಿಸ್ಟರ್ ನಿಂತೇ ಕೈ ಚಾಚಿದ.

"ತುಂಬ ಸಂತೋಷ ಆಯ್ತು. ತುಂಬ ಕಲಿತ್ವಿ ನಿನ್ನಿಂದ. ಎರಡು ದಿನದಲ್ಲಿ ಹೇಳ್ತೀವಿ."

ಕೀಲರ್ ಒಂದು ಕಾಗದವನ್ನು ಮೇಜಿನ ಮೇಲೆ ಜಾರಿಸಿ, ಮೇಲೊಂದು ಪೆನ್ನು ಇಟ್ಟ. "ಲೀಗಿನ ಕಾಗದ. ಕೆಳಗಡೆ ಒಂದು ರುಜು ಹಾಕ್ಬಿಡು."

ಈ ಕಾಗದಕ್ಕೆ ವೆಂಡೆಲ್ ಎಂಟು ಊರುಗಳಲ್ಲಿ, ಎಂಟು ಸಲ ರುಜು ಹಾಕಿದ್ದ. ಒಂದು ಸಲವೂ ಓದಿರಲಿಲ್ಲ. ಕೆಲಸ ಕೊಡುವವರ ಎದುರಿಗೆ ಕಾಗದ ಹಿಡಿದು ಓದುತ್ತ ನಿಂತರೆ ಕಿರಿಕಿರಿ ಮನುಷ್ಯ ಅಂದುಕೊಂಡಾರು ಎಂಬ ಭಯ. ಅವನಂಥವರೆಲ್ಲ ಹಾಗೆಯೇ ಮಾಡುತ್ತಿದ್ದರು. ನಗುನಗುತ್ತ ರುಜು ಹಾಕಿ, ಕೈ ಕುಲುಕಿ, ವಿಮಾನ ಹತ್ತುತ್ತಿದ್ದರು. ಈ ಸಲ ಅವನು ಕುರ್ಚಿ ಎಳೆದುಕೊಂಡು ಕೂತ. ಕನ್ನಡಕ ಹಾಕಿಕೊಂಡ. ಓದಿದ.

ನಾಲ್ಕೇ ಸಾಲು. ತಂಡದ ಮಾಲೀಕರು ಖುದ್ದು ಹಾಜರಿದ್ದು ಸಂದರ್ಶನ ಮಾಡಿದರು ಎಂದೂ, ತನ್ನ ಯೋಜನೆಯನ್ನು ಮಾಲೀಕರ ಎದುರು ಪೂರ್ತಿಯಾಗಿ ಹೇಳಲು ತನಗೆ ಅವಕಾಶ ಸಿಕ್ಕಿತು ಎಂದೂ ಅದರಲ್ಲಿತ್ತು. ಎಂಟು ಸಲ ತಾನೇ ಕೈಯಾರೆ ಬರೆದುಕೊಟ್ಟ ಸುಳ್ಳು. ಅವನಿಗೆ ಇವರ ಮೇಲೆ ಬಂದ ಸಿಟ್ಟಿಗಿಂತ ತನ್ನ ಬಗ್ಗೆ ಆದ ನಾಚಿಕೆಯೇ ಜಾಸ್ತಿಯಾಯಿತು.

"ಇದು ಇನ್ನೂ ನಿಜ ಆಗಿಲ್ವಲ್ಲ ಸಾರ್," ಎಂದ.

"ಏನದು?"

"ನನ್ನ ಯೋಜನೆ ಪೂರ್ತಿ ಹೇಳ್ದೆ ಅಂತ ಬರ್ದಿದೆ. ನಾನಿನ್ನೂ ಶುರುನೇ ಮಾಡಿಲ್ಲ."

ಕಾಲ ಬಳಿ ಇದ್ದ ಚೀಲದಿಂದ ದಪ್ಪ ಫೈಲೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಹೆಡ್ ಕೋಚ್ ಆಗುವ ಕನಸು ಕಾಣುವ ಪ್ರತಿಯೊಬ್ಬ ಸಹಾಯಕನ ಹತ್ತಿರವೂ ಇಂಥದ್ದೊಂದು ಇರುತ್ತದೆ. ವರ್ಷವರ್ಷವೂ ತಿದ್ದಿ, ಸೇರಿಸಿ, ಬಸುರಿ ಹೊಟ್ಟೆಯ ಹಾಗೆ ಬೆಳೆಸಿರುತ್ತಾರೆ. ವೆಂಡೆಲ್‌ನದು ನಾನೂರ ಹನ್ನೆರಡು ಪುಟ. ಎಂಟು ಸಂದರ್ಶನಗಳಲ್ಲಿ ಯಾರೂ ಮೂರನೇ ಪುಟ ದಾಟಿರಲಿಲ್ಲ.

"ಅದನ್ನ ಇಲ್ಲೇ ಬಿಟ್ಟು ಹೋಗು, ಓದ್ತೀವಿ," ಎಂದ ಕೀಲರ್.

"ಮಾಲೀಕರ ಎದುರಿಗೆ ಹೇಳ್ಬೇಕು ಅಂತಿದೆ."

"ವೆಂಡೆಲ್, ತಮಾಷೆ ಸಾಕು. ರುಜು ಹಾಕು."

"ಹೇಳಿ ಮುಗಿಸಿ ಹಾಕ್ತೀನಿ."

ಕೀಲರ್ ಮೇಜಿನ ಮೇಲೆ ಎರಡೂ ಕೈ ಊರಿ ಬಗ್ಗಿದ. ಅವನ ಬಾಯಿಂದ ಪುದೀನದ ವಾಸನೆ ಬರುತ್ತಿತ್ತು. "ಲೇ, ಸರಿಯಾಗಿ ಕೇಳಿಸ್ಕೊ. ನಾನೊಂದು ಫೋನು ಮಾಡಿದ್ರೆ ಈ ಲೀಗಲ್ಲಿ ನಿನಗೆ ನೀರು ಹೊರೋ ಕೆಲಸಾನೂ ಸಿಗಲ್ಲ. ಪಾಪ ಅಂತ ಕರೆಸಿದ್ರೆ ನಮ್ಮ ತಲೆ ಮೇಲೇ ಕೂರ್ತೀಯ?"

ವೆಂಡೆಲ್‌ಗೆ ಹೆದರಿಕೆಯಾಯಿತು. ಆ ಮಾತು ನಿಜ ಎಂದು ಅವನಿಗೆ ಗೊತ್ತಿತ್ತು. ಈಗಿರುವ ಕೆಲಸವೂ ಬೇಸಿಗೆಯೊಳಗೆ ಹೋಗುತ್ತದೆ. ಇನ್ನು ಯಾವ ಮೈದಾನದ ಹುಲ್ಲನ್ನೂ ತಾನು ತುಳಿಯುವುದಿಲ್ಲ ಅನ್ನಿಸಿತು. ಅವನು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ.

"ಮಾಡಿ ಬ್ರೆಟ್, ಫೋನ್ ಮಾಡಿ. ಆದ್ರೆ ಈ ರುಜು ಇಲ್ದೆ ಇವತ್ತು ಮೂರು ಗಂಟೆಗೆ ಆ ಹುಡುಗನ ಹೆಸ್ರು ಹೇಳಿದ್ರೆ, ಹೊಸ ಆಟಗಾರರನ್ನ ಆರಿಸ್ಕೊಳ್ಳೋವಾಗ ನಿಮ್ಮ ಮೊದಲನೇ ಸರದೀನ ಲೀಗ್‌ನೋರು ದಂಡ ಅಂತ ಕಿತ್ಕೋತಾರೆ. ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು."

ಕೀಲರ್ ಮಾಲೀಕನ ಮುಖ ನೋಡಿದ. ಹಾಲಿಸ್ಟರ್‌ನ ಕುತ್ತಿಗೆ ಕೆಂಪಗಾಗಿತ್ತು.

"ನಿನಗೆ ಏನು ಬೇಕಯ್ಯ?"

"ಹೆಡ್ ಕೋಚ್ ಕೆಲಸ ಬೇಕು."

"ನೋಡು, ಅದು..."

"ಕೊಡಲ್ಲ ಅಂತ ಗೊತ್ತು ಸಾರ್. ಅದಕ್ಕೇ ಕೇಳಿಸ್ಕೊಳ್ಳಿ ಅಂತಿದೀನಿ. ಕೂತ್ಕೊಳ್ಳಿ."

ಹಾಲಿಸ್ಟರ್ ಕೂತ. ವೆಂಡೆಲ್ ಮೊದಲ ಪುಟ ತೆರೆದು ಓದತೊಡಗಿದ. ತರಬೇತಿಯ ಮೊದಲ ದಿನ ಬೆಳಿಗ್ಗೆ ಐದೂನಲವತ್ತಕ್ಕೆ ಯಾರು ಎಲ್ಲಿ ನಿಲ್ಲಬೇಕು. ಹೊಸಬರು ಯಾರ ಪಕ್ಕ ಕೂತು ಊಟ ಮಾಡಬೇಕು. ಚೆಂಡು ಎಸೆಯುವವನಿಗೆ ತಾನು ಏನು ಕಲಿಸುತ್ತೇನೆ, ಯಾವ ವಾರ, ಯಾಕೆ. ಎಂಟನೇ ಪುಟದಲ್ಲಿ ಕೀಲರ್ ಫೋನು ತೆಗೆದ. ವೆಂಡೆಲ್ ಓದು ನಿಲ್ಲಿಸಿ, ಅವನು ಫೋನು ಕೆಳಗಿಡುವ ತನಕ ಕಾದು, ಎಂಟನೇ ಪುಟವನ್ನು ಮತ್ತೆ ಮೊದಲಿಂದ ಓದಿದ. ಆಮೇಲೆ ಯಾರೂ ಫೋನು ಮುಟ್ಟಲಿಲ್ಲ. ಓದುತ್ತ ಓದುತ್ತ ಅವನಿಗೇ ಆಶ್ಚರ್ಯವಾಯಿತು. ಎಷ್ಟು ಚೆನ್ನಾಗಿ ಬರೆದಿದ್ದೇನೆ, ಈ ಕೆಲಸ ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆ ಅನ್ನಿಸಿ ಕಣ್ಣು ತುಂಬಿಬಂತು. ಆದರೂ ಓದುವುದನ್ನು ಬಿಡಲಿಲ್ಲ.

ಮೂರು ಹೊಡೆಯಿತು. ಕೆಳಗಿನ ಸಭಾಂಗಣದಿಂದ ಕುರ್ಚಿ ಎಳೆಯುವ ಸದ್ದು, ಮೈಕು ಪರೀಕ್ಷಿಸುವ ಸದ್ದು ಕೇಳಿಸಿತು. ಮೂರೂಕಾಲಿಗೆ ಬಾಗಿಲು ಮೆಲ್ಲಗೆ ತೆರೆದುಕೊಂಡು ಟ್ಯಾನರ್ ಲಿಂಡ್ ಇಣುಕಿದ. ತಂಡದ ಬಣ್ಣದ ನೀಲಿ ಟೈ ಕಟ್ಟಿದ್ದ.

"ಮಿಸ್ಟರ್ ಹಾಲಿಸ್ಟರ್, ಎಲ್ರೂ ಕಾಯ್ತಿದಾರೆ..." ಅಷ್ಟರಲ್ಲಿ ವೆಂಡೆಲ್‌ನನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು. "ಕೋಚ್, ನೀವಾ? ನೀವು ಅಂತ ನನಗೆ ಗೊತ್ತಿರ್ಲಿಲ್ಲ ಕೋಚ್. ಪ್ರಮಾಣವಾಗ್ಲೂ."

"ಯಾರೋ ಒಬ್ಬ ಬರ್ಲೇಬೇಕು ಅಂತ ಗೊತ್ತಿತ್ತು ತಾನೆ?"

ಲಿಂಡ್ ಟೈಯ ಗಂಟು ಮುಟ್ಟಿಕೊಂಡ.

"ಆಚೆ ನಿಂತ್ಕೊ. ಸಂದರ್ಶನ ನಡೀತಿದೆ," ಎಂದ ವೆಂಡೆಲ್. ಲಿಂಡ್ ಮಾಲೀಕನ ಮುಖ ನೋಡಿದ, ಮ್ಯಾನೇಜರ್ ಮುಖ ನೋಡಿದ. ಆಮೇಲೆ ಬಾಗಿಲು ಎಳೆದುಕೊಂಡು ಆಚೆಯೇ ನಿಂತ. ಗಾಜಿನಲ್ಲಿ ಅವನ ನೀಲಿ ಟೈ ಕಾಣುತ್ತಿತ್ತು.

ಹಾಲಿಸ್ಟರ್‌ಗೆ ತಡೆಯಲಾಗಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ನೂಕಿ ಎದ್ದು ನಿಂತ. "ಸಾಕು! ಯಾರು ಅಂದ್ಕೊಂಡಿದೀಯ ನೀನು? ಇನ್ನು ಎಷ್ಟು ಪುಟ ಇದೆ ಈ ದರಿದ್ರದ್ದು?"

ವೆಂಡೆಲ್ ಕನ್ನಡಕದ ಮೇಲಿಂದ ಅವನನ್ನು ನೋಡಿದ.

"ಮುನ್ನೂರ ತೊಂಬತ್ತಮೂರು," ಎಂದ. "ಕೂತ್ಕೊ, ಗ್ರೇಡನ್."

ಮುದುಕ ಒಂದು ಸಲ ಬಾಗಿಲ ಕಡೆ ನೋಡಿದ, ಒಂದು ಸಲ ಮೇಜಿನ ಮೇಲೆ ಖಾಲಿ ಬಿದ್ದಿದ್ದ ರುಜುವಿನ ಜಾಗ ನೋಡಿದ. ಕೂತ.

ವೆಂಡೆಲ್ ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟ ತಿರುವಿದ.